ಬೀಗದ ಮೇಷ್ಟ್ರು
ಠಾಣೆಯವರು ಕೊಟ್ಟ ಹಸಿರು ಪಟ್ಟಿಯನ್ನು ತೋಳಿಗೆ ಕಟ್ಟಿಕೊಂಡು ದಿನಾ ಮಧ್ಯಾಹ್ನ ಮೂರಕ್ಕೆ ಬೀದಿಗಿಳಿಯುವ ನಮ್ಮ ನಿವೃತ್ತ ಡ್ರಿಲ್ ಮೇಷ್ಟ್ರನ್ನು ಸ್ವಯಂಸೇವಕರೆಂದು ಕರೆಯುವವರು ಪೊಲೀಸರು ಮಾತ್ರ. ಉಳಿದವರಿಗೆಲ್ಲ ಅವರು ಬೀಗದ ಮೇಷ್ಟ್ರು. ಜನ ಕೆಲಸಕ್ಕೆ ಹೋದ ಮನೆಗಳ ಬೀಗವನ್ನು ಅವರು ಮೂರು ಸಲ ಜಗ್ಗಿ ನೋಡುತ್ತಾರೆ. ಎರಡು ಸಲ ಬೀಗ ಸುಳ್ಳು ಹೇಳಬಹುದಂತೆ, ಮೂರನೆಯದಕ್ಕೆ ಬಾಯಿ ಬಿಡಲೇಬೇಕಂತೆ. ಬಾಗಿಲು ತೆರೆದಿಟ್ಟು ಹಿತ್ತಲಲ್ಲಿ ಬಟ್ಟೆ ಒಗೆಯುವವರು ಕಂಡರೆ, "ಏನಮ್ಮಾ, ಕಳ್ಳನಿಗೆ ಕಾಗದ ಬರೆದು ಕರೆಸ್ಕೊಳ್ತೀಯಾ?" ಎಂದು ಗದರುತ್ತಾರೆ. ಗುರುತಿಲ್ಲದ ಸ್ಕೂಟರಿನ ನಂಬರಿರಲಿ, ಪಕ್ಕದ ಬೀದಿಯ ನಾಯಿಯ ಚಹರೆಯಿರಲಿ, ನೋಟ್‌ಬುಕ್ಕಿನಲ್ಲಿ ಬರೆದು ಪ್ರತಿ ಸೋಮವಾರ ಠಾಣೆಗೆ ಒಪ್ಪಿಸುತ್ತಾರೆ. "ಕಳ್ಳ ಸಿಕ್ಕಿದ್ನಾ ಮೇಷ್ಟ್ರೇ?" ಎಂದು ಯಾರಾದರೂ ರೇಗಿಸಿದರೆ, "ಸಿಕ್ಕಿಲ್ಲ ಅಂದ್ರೆ ನನ್ನ ಕೆಲಸ ಸರಿಯಾಗಿ ನಡೀತಿದೆ ಅಂತ ಲೆಕ್ಕ," ಎನ್ನುತ್ತಾರೆ. ಹೆಂಡತಿ ತೀರಿಕೊಂಡು ಮನೆಯಲ್ಲಿ ಒಬ್ಬರೇ ಆದ ಈ ಮೂರು ವರ್ಷದಲ್ಲಿ ಒಂದು ದಿನವೂ ಗಸ್ತು ತಪ್ಪಿಸಿದವರಲ್ಲ. ಕಳೆದ ಸೋಮವಾರ ಹೆಡ್ ಕಾನ್‌ಸ್ಟೆಬಲ್ ನಗು ತಡೆದುಕೊಂಡು ಅವರ ಮುಂದೊಂದು ದೂರು ಇಟ್ಟರು. ಮೂಲೆಮನೆಗೆ ಹೊಸದಾಗಿ ಬಾಡಿಗೆಗೆ ಬಂದಾಕೆ ಬರೆದದ್ದು: ಬಿಳಿ ಶರಟಿನ ಮುದುಕನೊಬ್ಬ ದಿನಾ ಮೂರಕ್ಕೆ ಬಂದು ಎದುರುಮನೆಯ ಬೀಗ ಜಗ್ಗುತ್ತಾನೆ, ತೋಳಿಗೆ ಏನೋ ಹಸಿರು ಬಟ್ಟೆ, ಎಡಗಾಲು ಎಳೆದು ನಡೆಯುತ್ತಾನೆ, ಗುರುವಾರ ತುಂಬ ಕೆಮ್ಮುತ್ತಿದ್ದ. ಮೇಷ್ಟ್ರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಅದನ್ನು ಮೂರು ಸಲ ಓದಿದರು. "ನಾನು ಕೆಮ್ಮಿದ್ದನ್ನೂ ಗಮನಿಸಿದಾರಲ್ರೀ," ಎಂದು ಮೆಲ್ಲಗೆ ಅಂದು, ಆ ಕಾಗದವನ್ನು ತಾವೇ ಇಟ್ಟುಕೊಳ್ಳಬಹುದೇ ಎಂದು ಕೇಳಿದರು.