ಮಾಸ್ತರರ ಗಿರ್ಮಿಟ್

ಸಪ್ತಾಪುರದ ಬಾಡಿಗೆ ಕೋಣೆಯಲ್ಲಿ ನಮಗೆ ಲಿನಕ್ಸ್ ಕಲಿಸಿದ ಮಾಸ್ತರರು ಪ್ರತಿ ರವಿವಾರ ಪೇಪರಿನಲ್ಲಿ ಚುರುಮುರಿಯ ಗಿರ್ಮಿಟ್ ಕಟ್ಟಿಸಿಕೊಂಡು ಬರುತ್ತಿದ್ದರು. "ಲಗೂ ಹಂಚ್ರೆಪಾ, ಇಟ್ಕೊಂಡ್ರ ಮೆತ್ತಗಾಗ್ತೈತಿ" ಅನ್ನುತ್ತಿದ್ದರು. ತಾವು ಬರೆದ ಕನ್ನಡ ಟೈಪಿಂಗ್ ತಂತ್ರಾಂಶವನ್ನು ಕೋಡ್ ಸಮೇತ ಕೇಳಿದವರಿಗೆಲ್ಲ ಕೊಡುವಾಗಲೂ ಅದೇ ಮಾತು.

ಒಂದು ಕಂಪನಿ "ಕೂಡಿ ಕೆಲಸ ಮಾಡೂಣ್ರಿ ಸರ್" ಎನ್ನುತ್ತ ಬಂತು. ಕೂಡಿ ಮಾಡುವುದೆಂದರೆ, ಅವರ ಗಿರಾಕಿಗಳ ತಕರಾರನ್ನೆಲ್ಲ ಮಾಸ್ತರರು ಪುಕ್ಕಟೆ ಸರಿಪಡಿಸುವುದು. ಮಾಸ್ತರರ ಮಾತಿನ ಮೇಲೆ ನನಗೆ ಅಲ್ಲೇ ನೌಕರಿ ಸಿಕ್ಕಿತು.

ಮಾಸ್ತರರ ಆ ತಂತ್ರಾಂಶವೇ ಕಂಪನಿಯ ಹೆಸರಿನಲ್ಲಿ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಬಿಡುಗಡೆಯಾದ ದಿನ, ಬಾಗಿಲಲ್ಲಿ ಆಹ್ವಾನಿತರ ಪಟ್ಟಿ ಹಿಡಿದು ನಿಂತವನು ನಾನು. ಗಿರ್ಮಿಟ್ ಪೊಟ್ಟಣ ಹಿಡಿದು ಬಂದ ಮಾಸ್ತರರ ಹೆಸರು ಅದರಲ್ಲಿರಲಿಲ್ಲ.

"ಇರ್ಲಿ ಬಿಡಪಾ," ಎಂದು ಪೊಟ್ಟಣವನ್ನು ನನ್ನ ಕೈಗಿಟ್ಟರು. "ಒಳಗಿನ ಮಂದಿಗೆ ಲಗೂ ಹಂಚು."

ಟೇಬಲ್ಲಿನ ಕೆಳಗೆ ಬಚ್ಚಿಟ್ಟೆ. ಸಂಜೆ ಬಿಚ್ಚಿದಾಗ ಮೆತ್ತಗಾಗಿತ್ತು.