ಮೊಣಕಾಲ ಕೆಳಗಿನ ಗೆರಿ

ತೋಳದ ಬಾಯಾಗ ಕೈ ಹಾಕಿ ಕುರಿ ಕಸಗೊಂಡಾಂವ ನಾ. ಅಂಥಾ ನನ್ನನ್ನ ಝಳಕಿ ಹತ್ರ ಕುರಿ ಮೇಸೂವಾಗ ಒಂದು ಜಾಲಿಮುಳ್ಳು ಮಲಗಿಸಿಬಿಟ್ಟಿತು. ಪಾದ ಕೆಂಪಗಾಗಿ ಬಾತು ಕುಂಬಳಕಾಯಿ ಆತು.

ಇಂಡಿ ದವಾಖಾನ್ಯಾಗ ಡಾಕ್ಟರಬಾಯಿ ಇಂಜೆಕ್ಷನ್ ಕೊಟ್ಟು, ಮೊಣಕಾಲ ಕೆಳಗ ಪೆನ್ನಿನಿಂದ ಗೆರಿ ಎಳದ್ರು. "ಮುಳ್ಳಿನ ಕೂಡ ರೋಗಾಣು ಒಳಗ ಹೊಕ್ಕಾವ. ಮುಂಜಾನಿಯೊಳಗ ಕೆಂಪು ಇದನ್ನ ದಾಟಿದ್ರ ಕಾಲು ಉಳಿಯೂದು ಕಷ್ಟ, ಯಜಮಾನರ."

"ಒಳಗ ಹೊಕ್ಕ ಕಳ್ಳನ ಗುರುತು ಮೈಗೆ ಹ್ಯಾಂಗ ಸಿಗತೈತ್ರಿ?"

"ಕುರಿ ಕಾಯೂ ನಿಮ್ಮ ನಾಯಿಗೆ ತೋಳದ ಗುರುತು ಹ್ಯಾಂಗ ಸಿಗತೈತಿ?"

"ತೋಳದ ವಾಸನಿ ಬಂದ್ರ ಸಾಕು. ಕುರಿ ಒದರಿದ್ರೂ ಓಡತೈತ್ರಿ."

"ಮೈಯಾಗೂ ಹಂಗ. ರೋಗಾಣು ಮ್ಯಾಲೆ ನಮ್ಮ ಮೈಯಾಗ ಇಲ್ಲದ ಗುರುತು ಇರ್ತಾವ, ರಕ್ತದಾಗಿನ ಕಾವಲಿನ ಕಣ ಅವನ್ನ ಹಿಡೀತಾವ. ಗಾಯದಾಗ ಜೀವಕೋಶ ಒಡದು ಒಳಗಿಂದು ಚೆಲ್ಲಿದ್ರ, ಅದು ಕುರಿ ಒದರಿದಂಗ. ಈ ಬಾವು ಆ ಕಾವಲಿನ ಕಣ ಓಡಿ ಬಂದ ಗದ್ದಲ."

ಸಂಜಿಗೆ ಕೆಂಪು ಗೆರಿಗೆ ಬಂದು ನಿಂತಿತು. ಕಾಲಿನ ಕಡೆ ಬಗ್ಗಿ, ನಾಯಿ ಬಿಟ್ಟಂಗ "ಛೂ, ಹಿಡಿ" ಅಂದೆ. ಬಾಜೂ ಮಂಚದಾಂವ ತನ್ನ ಮಂಚ ದೂರ ಸರಿಸಿಕೊಂಡ.

ಮುಂಜಾನಿ ನೋಡಿದ್ರ ಕೆಂಪು ಕೆಳಗ ಇಳದಿತ್ತು. ಇಂಜೆಕ್ಷನ್ ಕೆಲಸ ಮಾಡೇತಿ ಅಂದ್ರು ಡಾಕ್ಟರಬಾಯಿ. ಅನ್ನಲಿ. ನಾಯಿ ಬಿಟ್ಟಾಂವ ಯಾರು ಅನ್ನೂದು ಬಾಜೂ ಮಂಚದಾಂವಗ ಗೊತ್ತೈತಿ.