ಸ್ಲೇಟಿನ ಮೇಲಿನ ಕುರಿ

ಬಿಸಿ ಹಾಲಿಗೆ ಜಾಯಿಕಾಯಿ ತುರಿದಾಗ ಏಳುವ ವಾಸನೆ ಬೇರೆ ಯಾವುದಕ್ಕೂ ಇಲ್ಲ. ಸಿಹಿಯೂ ಅಲ್ಲ, ಖಾರವೂ ಅಲ್ಲ. ಬಹಳ ದಿನ ಮುಚ್ಚಿಟ್ಟ ಮರದ ಪೆಟ್ಟಿಗೆಯನ್ನು ಯಾರೋ ಪಕ್ಕದಲ್ಲೇ ತೆರೆದ ಹಾಗೆ. ಎರಡು ವರ್ಷದ ಹಿಂದೆ ನೆವಾರ್ಕಿನ ನನ್ನ ಮಗಳ ಅಡುಗೆಮನೆಯಲ್ಲಿ ಅಕ್ಕಿ ಪುಡ್ಡಿಂಗಿಗೆ ಜಾಯಿಕಾಯಿ ತುರಿಯುತ್ತಿದ್ದೆ. ವಾಸನೆ ಮೂಗಿಗೆ ಬಂದದ್ದೇ ತಡ, ಕಾಲ ಕೆಳಗಿನ ಮರದ ನೆಲ ಹೋಗಿ ಕೆಂಪು ಗಾರೆಯ ನೆಲ ಬಂತು. ತುಮಕೂರು ಕಡೆಯ ಒಂದು ಸಣ್ಣ ಊರು, ಅಲ್ಲಿನ ಮಿಷನ್ ಆಸ್ಪತ್ರೆಯ ಬಂಗಲೆ, ಬಂಗಲೆಯ ಹಿಂದೆ ಬೇರೆಯಾಗಿ ಕಟ್ಟಿದ ಅಡುಗೆಮನೆ, ಅದರೊಳಗೆ ರುಮಾಲು ಸುತ್ತಿಕೊಂಡು ನಿಂತ ನಮ್ಮಪ್ಪ. ಆ ಬಂಗಲೆ ಈಗಿಲ್ಲ. ಕೆಡವಿ ಅಂಗಡಿ ಸಾಲು ಕಟ್ಟಿದ್ದಾರಂತೆ. ಅಲ್ಲಿದ್ದವರೂ ಇಲ್ಲ. ನಿಮಗೂ ಅಂಥದ್ದೊಂದು ಮನೆ ಇದ್ದೀತು, ಹುಡುಕಿಕೊಂಡು ಹೋದರೆ ಸಿಗದ ಮನೆ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ.

ಬಂಗಲೆಯಲ್ಲಿ ಇಂಗ್ಲೆಂಡಿನ ಇಬ್ಬರು ಹೆಂಗಸರಿದ್ದರು. ಒಬ್ಬರು ಡಾಕ್ಟರಮ್ಮ, ಇನ್ನೊಬ್ಬರು ಸಿಸ್ಟರಮ್ಮ. ಊರಿಗೆಲ್ಲ ಅವೇ ಹೆಸರು. ಅಪ್ಪ ಅಲ್ಲಿಗೆ ನೀರು ಹೊರುವ ಕೆಲಸಕ್ಕೆ ಸೇರಿದವನು. ಇದ್ದ ಬಟ್ಲರು ಬಿಟ್ಟುಹೋದಾಗ ನೋಡಿ ಕಲಿತಷ್ಟರಲ್ಲೇ ಒಲೆ ಮುಂದೆ ನಿಂತ. ನಿಂತವನು ಹದಿನೆಂಟು ವರ್ಷ ನಿಂತ. ಕೆಲಸಕ್ಕೆ ಹೊರಟ ದಿನ ಅವನ ತಾಯಿ, ನಮ್ಮಜ್ಜಿ, ಕೈ ಹಿಡಿದು ಮಾತು ತೆಗೆದುಕೊಂಡಿದ್ದಳು. ಆ ಮನೆಯದು ಒಂದು ಅಗುಳೂ ಬಾಯಿಗೆ ಹಾಕಕೂಡದು. ಹಾಕಿದರೆ ಕುಲದವರು ಬಾಗಿಲು ತುಳಿಯುವುದಿಲ್ಲ, ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ. ಅಪ್ಪ ಹೂಂ ಅಂದ. ಹಾಗಾಗಿ ಹದಿನೆಂಟು ವರ್ಷ ಇಂಗ್ಲಿಷಿನವರ ಅಡುಗೆಯನ್ನು ಒಂದು ಸಲವೂ ರುಚಿ ನೋಡದೆ ಮಾಡಿದ. ಹೇಗೆ ಮಾಡಿದ? ಕೈಮಾ ಹುರಿಯುವಾಗ ಕಣ್ಣು ಮುಚ್ಚಿ ಬಾಣಲೆ ಕಡೆ ಕಿವಿ ಇಡುತ್ತಿದ್ದ. ಚರಚರ ಅನ್ನುವುದು ಪಟಪಟ ಆದಾಗ ಗೋಧಿಹಿಟ್ಟು ಉದುರಿಸಬೇಕು. ಬಟ್ಟೆಯಲ್ಲಿ ಕಟ್ಟಿದ ಪುಡ್ಡಿಂಗು ಮೂರು ಗಂಟೆ ಬೇಯಬೇಕು. ಪಾತ್ರೆಯ ತಳಕ್ಕೆ ನನ್ನ ಆಟದ ಗೋಲಿಯೊಂದನ್ನು ಹಾಕಿಬಿಡುತ್ತಿದ್ದ. ನೀರು ಇರುವವರೆಗೂ ಅದು ಕಟಕಟ ಕುಣಿಯುತ್ತಿತ್ತು, ನಿಂತರೆ ನೀರು ಹೊಯ್ಯಬೇಕು. ತಗಡಿನ ಪೆಟ್ಟಿಗೆಗೆ ಕೆಳಗೂ ಮೇಲೂ ಕೆಂಡ ಹಾಕಿದರೆ ಅದೇ ಅವನ ಓವನ್ನು. ಆಲೂಗಡ್ಡೆ ಕೆಂಪಾಯಿತೋ ಇಲ್ಲವೋ ಎಂಬುದನ್ನು ಮೂಗು ಹೇಳುತ್ತಿತ್ತು. ಉಪ್ಪೊಂದು ಮಾತ್ರ ಕಿವಿಗೂ ಕೇಳದು, ಮೂಗಿಗೂ ಹತ್ತದು. ಅದಕ್ಕೆ ಮೂರು ಬೆರಳಿನ ಒಂದು ಚಿಟಿಕೆ, ಅದಕ್ಕಿಂತ ಒಂದು ಕಲ್ಲು ಹೆಚ್ಚಿಲ್ಲ. "ಕಮ್ಮಿ ಆದ್ರೆ ಅವರೇ ಹಾಕ್ಕೊತಾರೆ ಕಣವ್ವ. ಜಾಸ್ತಿ ಆದ್ರೆ ತೆಗೆಯೋಕಾಗ್ತದಾ?" ಅನ್ನುತ್ತಿದ್ದ. ಒಳಗೆ ಮೇಜಿನ ನಡುವೆ ಗಾಜಿನ ಬಟ್ಟಲಲ್ಲಿ ಉಪ್ಪು ಯಾವಾಗಲೂ ಇರುತ್ತಿತ್ತು.

ಡಾಕ್ಟರಮ್ಮ ಬೆಳಕು ಹರಿಯುವ ಮೊದಲೇ ವಾರ್ಡಿಗೆ ಹೋಗಿಬಿಡುವರು. ಅಪ್ಪ ಬರುವ ಹೊತ್ತಿಗೆ ಅವರಿರುವುದಿಲ್ಲ. ಬರೆದಿಟ್ಟರೆ ಅಪ್ಪನಿಗೆ ಓದಲು ಬರದು, ಇಂಗ್ಲಿಷೂ ಇಲ್ಲ, ಕನ್ನಡವೂ ಇಲ್ಲ. ಅದಕ್ಕೆ ಅವರು ಜಗುಲಿಯ ಮೇಲೆ ಒಂದು ಸ್ಲೇಟು ಇಟ್ಟಿರುತ್ತಿದ್ದರು. ಅದರಲ್ಲಿ ಅವತ್ತಿನ ಊಟದ ಚಿತ್ರ. ಪಾತ್ರೆಯಲ್ಲಿ ಎರಡು ಹಿಟ್ಟಿನ ಉಂಡೆ ತೇಲುತ್ತಿದ್ದರೆ ಮಾಂಸದ ಸ್ಟ್ಯೂ. ಬಟ್ಟಲಿನ ಮೇಲೆ ಹಬೆ, ಪಕ್ಕದಲ್ಲಿ ಒಂದು ಜಾಯಿಕಾಯಿ ಇದ್ದರೆ ಅಕ್ಕಿ ಪುಡ್ಡಿಂಗು. ಕುತ್ತಿಗೆಯವರೆಗೆ ಕಂಬಳಿ ಹೊದ್ದು ಮಲಗಿದ ಕುರಿ ಇದ್ದರೆ ಶೆಫರ್ಡ್ಸ್ ಪೈ. ಕೆಳಗೆ ಕುರಿಯ ಕೈಮಾ, ಮೇಲೆ ಆಲೂಗಡ್ಡೆಯ ಹೊದಿಕೆ. ಜಗುಲಿಯಿಂದ ಅಡುಗೆಮನೆಗೆ ಆ ಸ್ಲೇಟು ಹೊತ್ತು ತರುವುದು ನನ್ನ ಕೆಲಸ. ಒದ್ದೆ ಕೈಯಲ್ಲಿ ಮುಟ್ಟಿದರೆ ಅಪ್ಪ ತಲೆಗೆ ಮೊಟಕುತ್ತಿದ್ದ. ಆ ಕುರಿ ಒಂದೊಂದು ದಿನ ಒಂದೊಂದು ಥರ ಇರುತ್ತಿತ್ತು. ಆಸ್ಪತ್ರೆಯಲ್ಲಿ ಯಾರಾದರೂ ಬಾಣಂತಿ ಉಳಿಯದೆ ಹೋಗಿದ್ದರೆ ಮಾರನೆಯ ದಿನದ ಕುರಿಗೆ ಕಣ್ಣು ಇರುತ್ತಿರಲಿಲ್ಲ. ಇದನ್ನು ಗುರುತಿಸಿದವಳು ನಾನು, ಆದರೆ ಯಾರಿಗೂ ಹೇಳಲಿಲ್ಲ.

ನನ್ನ ಮಗಳು ಮಂಜುಳ ಕೈಹಿಡಿದವನು ಪೀಟರ್. ಅವನ ಅಪ್ಪ ಅಮ್ಮ ಇಂಗ್ಲೆಂಡಿನಿಂದ ಬಂದು, ನೆವಾರ್ಕಿನ ಕೊಲ್ಲಿಯಾಚೆಯ ಸ್ಯಾನ್ ಮಟಿಯೋದಲ್ಲಿ ನೆಲೆ ನಿಂತವರು. ನನಗೆ ಬೀಗರು, ಬೀಗಿತ್ತಿ. ಇಬ್ಬರಿಗೂ ಎಂಬತ್ತೆಂಟು ದಾಟಿದೆ. ಬೀಗರಿಗೆ ಕಣ್ಣು ಮಂಜು, ಬೀಗಿತ್ತಿಗೆ ಮರೆವು. ಮಾತು ಒಂದೊಂದಾಗಿ ಉದುರಿಹೋಗಿ, ಕೊನೆಗೆ ಅಕ್ಷರವೂ ಗುರುತು ಸಿಗದ ಹಾಗಾಯಿತು. ಮಂಜುಳ ಅಂಗಡಿಯಿಂದ ಸಿದ್ಧ ಊಟದ ಡಬ್ಬಿ ತಂದು ಅವರ ಫ್ರೀಜರ್ ತುಂಬಿಸುತ್ತಿದ್ದಳು. ಬೀಗರಿಗೆ ಡಬ್ಬಿಯ ಮೇಲಿನದು ಕಾಣದು, ಬೀಗಿತ್ತಿಗೆ ಓದಲು ಬರದು. ಕೈಗೆ ಸಿಕ್ಕಿದ್ದನ್ನು ಬಿಸಿ ಮಾಡಿದರೆ ಬೀಗಿತ್ತಿ ತಟ್ಟೆ ದೂರ ತಳ್ಳುವರು. ಅವರು ತಿನ್ನದಿದ್ದರೆ ಬೀಗರೂ ತಿನ್ನರು. ಇಬ್ಬರೂ ಕಡ್ಡಿಯಾದರು. ಎರಡು ತಿಂಗಳಲ್ಲಿ ತೂಕ ನಿಲ್ಲದಿದ್ದರೆ ವೃದ್ಧರ ಹೋಮಿಗೆ ಸೇರಿಸಿ ಎಂದು ಡಾಕ್ಟರು ಹೇಳಿದರು. ಆ ಹೋಮಿನಲ್ಲಿ ಮರೆವಿನವರಿಗೇ ಬೇರೆ ಕಟ್ಟಡ. ಅರವತ್ತು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿದವರು, ಇವರೊಂದು ಕಡೆ ಅವರೊಂದು ಕಡೆ. ಈ ಸುದ್ದಿ ತಂದ ದಿನ ಪೀಟರ್ ಶೂ ಕೂಡ ಬಿಚ್ಚದೆ ಸೋಫಾದ ತುದಿಯಲ್ಲಿ ಕೂತಿದ್ದ.

"ಅವರಿಗೆ ಅವರ ಊರಿನ ಊಟ ಮಾಡಿಕೊಡ್ತೀನಿ" ಅಂದೆ.

ಮಂಜುಳ ನಕ್ಕಳು. "ನೀನಾ? ಶೆಫರ್ಡ್ಸ್ ಪೈಗೆ ಒಗ್ಗರಣೆ ಹಾಕ್ತೀಯ ಅಷ್ಟೆ."

"ನಾನು ಮುದ್ದೆ ತಿರುವೋದಕ್ಕಿಂತ ಮುಂಚೆ ಪೈ ನೋಡಿದವಳು ಕಣೇ. ಕುರಿ ಕೈಮಾ ತಗೊಂಡು ಬಾ."

ಕೈಮಾ ಬಂದ ಮೇಲೆ ಇನ್ನೊಂದು ಜಗಳ. ಒಂದೇ ದಿನ ಮಾಡಿ ಹದಿನೈದು ದಿನಕ್ಕಾಗುವಷ್ಟು ಫ್ರೀಜರಿನಲ್ಲಿಡಬೇಕು ಅಂದಳು. ಹಿರಿಯರಿಗೆ ತಂಗಳು ಇಕ್ಕಿದವರು ನಮ್ಮ ಕಡೆ ಉದ್ಧಾರವಾಗಿದ್ದಿಲ್ಲ. "ತಂಗಳಲ್ಲಮ್ಮ ಅದು, ಫ್ರೋಜನ್ನು" ಅಂದಳು. ಹೆಸರು ಬದಲಾದರೆ ಅನ್ನ ಬಿಸಿಯಾಗುತ್ತದೆಯೇ? ಆದರೆ ನೆವಾರ್ಕಿನಿಂದ ಸೇತುವೆ ದಾಟಿ ದಿನಾ ಕರೆದುಕೊಂಡು ಹೋಗುವವರು ಯಾರು? ಒಪ್ಪಿಕೊಂಡೆ. ಒಲೆ ಮುಂದೆ ನಿಂತೆ. ಅರವತ್ತೈದು ವರ್ಷಕ್ಕೂ ಮೇಲೆ ಮಾಡಿರಲಿಲ್ಲ, ಮಾಡಬೇಕೆಂದು ಅನಿಸಿಯೂ ಇರಲಿಲ್ಲ. ಈರುಳ್ಳಿ ಬಾಣಲೆಗೆ ಬಿದ್ದದ್ದೇ ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು, ತಲೆ ಒಂದು ಕಡೆ ವಾಲಿತು. ಚರಚರ ಪಟಪಟ ಆಯಿತು. ಕೈ ಹಿಟ್ಟಿನ ಡಬ್ಬಿಗೆ ಹೋಯಿತು. ಆಲೂಗಡ್ಡೆ ಕಿವಿಚಿ, ಜಾಯಿಕಾಯಿ ತುರಿದು, ಮೇಲೆ ಫೋರ್ಕಿನಲ್ಲಿ ಗದ್ದೆಯ ಸಾಲಿನ ಹಾಗೆ ಗೆರೆ ಎಳೆದೆ. ಯಾರು ಎಳೆದದ್ದೋ ಗೊತ್ತಿಲ್ಲ. ನನ್ನ ಕೈಯನ್ನು ನಾನೇ ಬೇರೆಯವರ ಕೈ ನೋಡಿದ ಹಾಗೆ ನೋಡಿದೆ.

"ರುಚಿನೂ ನೋಡ್ದೆ ಹಾಕ್ತೀಯಲ್ಲಮ್ಮ, ಉಪ್ಪು ಸರಿ ಇಲ್ದಿದ್ರೆ?" ಎಂದು ಮಂಜುಳ ಕೇಳಿದಳು.

"ನಿಮ್ಮ ತಾತ ಹದಿನೆಂಟು ವರ್ಷ ನೋಡ್ಲಿಲ್ಲ. ಯಾರಾದ್ರೂ ಸತ್ತರಾ?"

ಅಜ್ಜಿಗೆ ಮಾತು ಕೊಟ್ಟವನು ಅಪ್ಪ, ನಾನಲ್ಲ. ಆದರೂ ನನ್ನ ಬೆರಳು ಬಾಯಿಗೆ ಹೋಗಲಿಲ್ಲ. ಅಡುಗೆಯನ್ನು ಅಲ್ಯೂಮಿನಿಯಂ ತಟ್ಟೆಗಳಲ್ಲಿ ತುಂಬಿ ಬಿಳಿ ರಟ್ಟಿನ ಮುಚ್ಚಳ ಒತ್ತಿ ಸಾಲಾಗಿ ಇಟ್ಟೆವು. ಮಂಜುಳ ಪೆನ್ನು ತೆಗೆದು ಇಂಗ್ಲಿಷಿನಲ್ಲಿ ಬರೆಯಲು ಕೂತಳು. ಓದುವವರು ಯಾರು ಅಂತ ಕೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ದಪ್ಪ ಕರಿ ಮಾರ್ಕರು ನನ್ನ ಕೈಗೆ ತೆಗೆದುಕೊಂಡು ಕಂಬಳಿ ಹೊದ್ದ ಕುರಿ ಬರೆದೆ. ನಾನು ಮೂರನೇ ಕ್ಲಾಸಿನವರೆಗೆ ಓದಿದವಳು, ಕುರಿ ನಾಯಿಯ ಹಾಗೆ ಬಂತು. ಎರಡನೆಯದು ಪರವಾಗಿಲ್ಲ. ಉಂಡೆ ತೇಲುವ ಪಾತ್ರೆ, ಹಬೆಯಾಡುವ ಬಟ್ಟಲು, ಎಲ್ಲ ಬರೆದೆ. ಎಲ್ಲ ಕುರಿಗೂ ಕಣ್ಣು ಇಟ್ಟೆ.

ಮೊದಲ ವಾರ ಬೀಗರು ಫೋನು ಮಾಡಿ ಮಗನಿಗೆ ಹೇಳಿದ್ದು ಇಷ್ಟು: ಅವಳು ಫ್ರೀಜರ್ ತೆಗೆದಳು, ಒಂದು ಡಬ್ಬಿ ನೋಡಿ ನಕ್ಕಳು, ಅದನ್ನು ಎದೆಗೆ ಒತ್ತಿಕೊಂಡು ಬಂದು ನನ್ನ ಕೈಗೆ ಕೊಟ್ಟಳು. ತಾನೇ ಆರಿಸಿದ್ದನ್ನು ಬೀಗಿತ್ತಿ ತಿಂದರು. ಬೀಗರೂ ತಿಂದರು. ಓವನ್ನಿನ ಗುಂಡಿ ಅವರಿಗೆ ಬೆರಳಿನಲ್ಲೇ ಗೊತ್ತು. ಎರಡು ತಿಂಗಳ ಮೇಲೆ ತೂಕ ನೋಡಿದಾಗ ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ಹೋಮಿನ ಮಾತು ನಿಂತಿತು. ಪೀಟರ್ ನನ್ನ ಮುಂದೆ ಬಂದು ನಿಂತು, ನನ್ನ ಎರಡೂ ಕೈ ಹಿಡಿದು ಅಲ್ಲಾಡಿಸಿದ. ಅಕ್ಷರವೆಲ್ಲ ಹೋದ ತಲೆಯಲ್ಲಿ ಕುರಿಯೊಂದು ಹೇಗೆ ಉಳಿಯಿತು, ಅದು ನನಗೆ ಇವತ್ತಿಗೂ ತಿಳಿಯದು.

ಈಗ ಆ ಕೊನೆಯ ಸ್ಲೇಟಿನ ವಿಷಯ ಹೇಳಬೇಕು. ನನಗೆ ಹತ್ತು ವರ್ಷವಾದಾಗ ಆ ಇಬ್ಬರೂ ತಮ್ಮ ದೇಶಕ್ಕೆ ಹೊರಟರು. ಹೊರಡುವ ದಿನ ಬೆಳಿಗ್ಗೆ ಸ್ಲೇಟಿನಲ್ಲಿ ಕುರಿ ಇತ್ತು, ಕುರಿಯ ಕೆಳಗೆ ಮೇಜು, ಮೇಜಿನ ಸುತ್ತ ಮೂರು ಕುರ್ಚಿ. ಎರಡರಲ್ಲಿ ತುರುಬಿನ ಹೆಂಗಸರು. ಮೂರನೆಯದರಲ್ಲಿ ರುಮಾಲಿನ ಗಂಡಸು.

"ಅಪ್ಪ, ಇದು ನೀನು" ಅಂದೆ.

ಅಪ್ಪ ಸ್ಲೇಟನ್ನು ಬೆಳಕಿಗೆ ಹಿಡಿದು ನೋಡಿದ. "ತಾಲೂಕಿನ ಅಮಲ್ದಾರರು ಬರ್ತಾರೇನೋ. ಮೂರು ತಟ್ಟೆ ತೊಳಿ."

"ನಿನ್ನ ರುಮಾಲೇ ಅಪ್ಪ. ಚುಂಗು ಎಡಕ್ಕೆ ಬಿಟ್ಟಿದೆ ನೋಡು."

"ಬಾಯಿ ಮುಚ್ಕೊಂಡು ಜಾಯಿಕಾಯಿ ತುರಿ."

ಮಧ್ಯಾಹ್ನ ಮೂರು ತಟ್ಟೆ ಇಟ್ಟ. ಪೈ ತಂದಿಟ್ಟ. ಮೂರನೆಯ ಕುರ್ಚಿಯ ಹಿಂದೆ ಹೋಗಿ ಅದರ ಬೆನ್ನು ಹಿಡಿದು ನಿಂತ. ಡಾಕ್ಟರಮ್ಮ ತಮ್ಮ ಪುಸ್ತಕದ ಕನ್ನಡದಲ್ಲಿ, "ರಂಗಪ್ಪ, ಊಟ ಆರುತ್ತದೆ" ಅಂದರು. "ಬರೋರು ಬರ್ಲಿ ಅಮ್ಮಾವ್ರೆ" ಅಂದ ಅಪ್ಪ. ಅವರು ಕಾದರು. ಅಪ್ಪ ಕಿಟಕಿಯ ಕಡೆ ನೋಡುತ್ತ ನಿಂತ. ಪೈಯ ಹಬೆ ನಿಂತಿತು. ಕೊನೆಗೆ ಡಾಕ್ಟರಮ್ಮ ಮೂರನೆಯ ತಟ್ಟೆಗೂ ಬಡಿಸಿ, ತಾವು ತಿಂದರು. ಅಜ್ಜಿಗೆ ಕೊಟ್ಟ ಮಾತು ಮುರಿಯಬಾರದು, ಅವರು ಕೊಟ್ಟ ಮರ್ಯಾದೆಯನ್ನು ಬೇಡ ಅನ್ನಲೂ ಬಾರದು. ಎರಡನ್ನೂ ಉಳಿಸಲು ಅಪ್ಪ ಬಾರದ ಅಮಲ್ದಾರನನ್ನು ಹುಟ್ಟಿಸಿದ. ಆಮೇಲೆ ಆ ತಟ್ಟೆಯನ್ನು ಅಡುಗೆಮನೆಗೆ ತಂದು ಮುಂದಿಟ್ಟುಕೊಂಡು ಕೂತ. ಬೆರಳು ಅದ್ದಿದ. ಮೂಸಿದ. ಎದ್ದು ಹೋಗಿ ಕೈ ತೊಳೆದುಕೊಂಡ. ಮುಂದೆ ಯಾರ ಮನೆಯಲ್ಲೂ ಅವನು ಆ ಅಡುಗೆ ಮಾಡಲಿಲ್ಲ.

ಹೋದ ತಿಂಗಳು ಮಂಜುಳನ ಜೊತೆ ಡಬ್ಬಿ ಕೊಡಲು ಸ್ಯಾನ್ ಮಟಿಯೋಗೆ ಹೋಗಿದ್ದೆ. ಯಾವಾಗಲೂ ಡಬ್ಬಿ ಇಟ್ಟು, ಖಾಲಿ ತಟ್ಟೆ ಎತ್ತಿಕೊಂಡು, ನಿಂತ ಹಾಗೇ ಬಂದುಬಿಡುವುದು ನನ್ನ ಪದ್ಧತಿ. ಅವತ್ತು ಅವರು ಊಟಕ್ಕೆ ಕೂರುವ ಹೊತ್ತಾಗಿತ್ತು. ಬೀಗಿತ್ತಿ ನನ್ನನ್ನು ನೋಡಿ ಎದ್ದರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. ಮೆಲ್ಲಗೆ ನಡೆದು ಬಂದು ಇನ್ನೊಂದು ಕುರ್ಚಿ ಎಳೆದರು. ನಾನು ಅದರ ಬೆನ್ನು ಹಿಡಿದು ನಿಂತೆ. ಮಂಜುಳ ಹಿಂದಿನಿಂದ, "ಕೂತ್ಕೊಳಮ್ಮ, ಪಾಪ ನಿಂತೇ ಇದಾರೆ" ಅಂದಳು.

ಕೂತೆ. ಬೀಗರು ತಡಕಾಡಿ ಬಡಿಸಿದರು. ಫ್ರೀಜರಿನಿಂದ ಬಂದದ್ದು, ತಂಗಳು. ಎಪ್ಪತ್ತೊಂಬತ್ತು ವರ್ಷದ ಬಾಯಿಗೆ ಮೊದಲ ಸಲ ನಮ್ಮಪ್ಪನ ಕೈ ಅಡುಗೆ ಹಾಕಿಕೊಂಡೆ. ಮೆತ್ತಗಿತ್ತು. ಹದವಾಗಿತ್ತು. ಜಾಯಿಕಾಯಿ ಎಲ್ಲಿರಬೇಕೋ ಅಲ್ಲಿತ್ತು. ಉಪ್ಪು ಕಮ್ಮಿ. ಚೂರಲ್ಲ, ಚೆನ್ನಾಗೇ ಕಮ್ಮಿ. ಹದಿನೆಂಟು ವರ್ಷ ಆ ಇಬ್ಬರು ಹೆಂಗಸರು ಗಾಜಿನ ಬಟ್ಟಲಿನಿಂದ ಉಪ್ಪು ಹಾಕಿಕೊಂಡು ತಿಂದರು, ಒಂದು ದಿನವೂ ಸ್ಲೇಟಿನಲ್ಲಿ ಅದನ್ನು ಬರೆಯಲಿಲ್ಲ.

ಬೀಗಿತ್ತಿ ನನ್ನ ಮುಖ ನೋಡಿದರು. ಮೇಜಿನ ನಡುವಿನ ಉಪ್ಪಿನ ಬಟ್ಟಲನ್ನು ನನ್ನ ಕಡೆಗೆ ತಳ್ಳಿದರು. ತ್ಯಾಂಕ್ಯೂ ಅಂದೆ. ಉಪ್ಪು ಹಾಕಿಕೊಳ್ಳಲಿಲ್ಲ. ಅಪ್ಪ ಮಾಡಿದ್ದು ಹೇಗಿತ್ತೋ ಹಾಗೇ, ತಟ್ಟೆ ಖಾಲಿಯಾಗುವವರೆಗೂ ತಿಂದೆ.